ಮೇಲಿನಿಂದ ನೋಡಿದರೆ

ಹೊಸ ಮಗುವನ್ನು ನೋಡಲು ಬಂದವರು ಮೊದಲು ಮುಖ ನೋಡುತ್ತಾರೆ. ಮೂಗು ಯಾರದ್ದು, ಕಣ್ಣು ಯಾರದ್ದು ಅಂತ ಹಂಚಿಕೆ ನಡೆಯುತ್ತದೆ. ಒಂದೆರಡು ತಿಂಗಳು ಕಳೆದ ಮೇಲೆ ಯಾರೋ ಒಬ್ಬರು ಮಗುವನ್ನು ಎತ್ತಿಕೊಂಡು, ತಲೆಯ ಹಿಂದೆ ಕೈಯಾಡಿಸಿ, "ಇದೇನು, ಒಂದು ಕಡೆ ಚಪ್ಪಟೆ ಆಗಿದೆಯಲ್ಲ?" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುವುದಿಲ್ಲ. "ಒಂದೇ ಕಡೆ ಮಲಗಿಸ್ತಿದ್ದೀಯ ಅನ್ಸುತ್ತೆ" ಎಂಬುದು ಬಂದೇ ಬರುತ್ತದೆ, ಅದೂ ತಾಯಿಯ ಕಡೆ ನೋಡಿಕೊಂಡು. ಅಪ್ಪ ಪಕ್ಕದಲ್ಲೇ ಕೂತಿದ್ದರೂ ಆ ಮಾತು ಅವನ ಕಡೆ ತಿರುಗುವುದಿಲ್ಲ. ಮೂಳೆಯ ಬಗ್ಗೆ ಶುರುವಾದ ಪ್ರಶ್ನೆ ಕ್ಷಣದಲ್ಲಿ ತಪ್ಪು ಯಾರದ್ದು ಎಂಬ ಪ್ರಶ್ನೆಯಾಗಿ ಬಿಡುತ್ತದೆ.

ನನ್ನ ತಂಗಿಯ ಮಗನ ವಿಷಯದಲ್ಲೂ ಹೀಗೇ ಆಯಿತು. ಅವನಿಗೆ ಮೂರು ತಿಂಗಳು ತುಂಬಿದ್ದಾಗ ಒಂದು ರಾತ್ರಿ ತಂಗಿ ಫೋಟೋ ಕಳಿಸಿದಳು. ಮಲಗಿದ್ದ ಮಗುವಿನದ್ದಲ್ಲ, ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಯ ಮೇಲಿನಿಂದ ತೆಗೆದದ್ದು. "ಅಕ್ಕಾ, ನೋಡೇ, ನಿಜವಾಗ್ಲೂ ಹೀಗಿದೆಯಾ ಅಥವಾ ನನಗೆ ಮಾತ್ರ ಹಾಗೆ ಕಾಣ್ತಿದೆಯಾ?" ನಿಜವಾಗಿಯೂ ಹಾಗೇ ಇತ್ತು. ಬಲಗಡೆ ಹಿಂಭಾಗ ಒತ್ತಿದಂತೆ ಚಪ್ಪಟೆ, ಬಲಗಿವಿ ಎಡಗಿವಿಗಿಂತ ತುಸು ಮುಂದೆ, ಬಲಗಡೆಯ ಹಣೆ ಸ್ವಲ್ಪ ಉಬ್ಬು. ಅಷ್ಟು ದಿನ ಅವನ ಫೋಟೋ ಎಷ್ಟೋ ನೋಡಿದ್ದೆ, ಒಂದರಲ್ಲೂ ಇದು ಕಂಡಿರಲಿಲ್ಲ. ಮಕ್ಕಳ ಫೋಟೋವನ್ನು ಯಾರೂ ಮೇಲಿನಿಂದ ತೆಗೆಯುವುದಿಲ್ಲವಲ್ಲ.

ಅದಾದ ಮೇಲೆ ಇದರ ಬಗ್ಗೆ ಸಾಕಷ್ಟು ಓದಿದೆ, ಡಾಕ್ಟರುಗಳ ಹತ್ತಿರ ಕೇಳಿದೆ. ಕೇಳಿದಷ್ಟೂ ಒಂದು ವಿಷಯ ಕಾಡತೊಡಗಿತು. ನೋಡಿದವರಿಗೆ ಗಾಬರಿ ಹುಟ್ಟಿಸುವ ತಲೆಯೇ ಬೇರೆ, ಡಾಕ್ಟರಿಗೆ ಚಿಂತೆ ಹುಟ್ಟಿಸುವ ತಲೆಯೇ ಬೇರೆ. ಎರಡೂ ಒಂದೇ ಆಗಿರುವುದು ಅಪರೂಪ.

ಹುಟ್ಟಿದಾಗಿನ ಆಕಾರ

ಮಗುವಿನ ಬುರುಡೆ ಒಂದೇ ಮೂಳೆಯಲ್ಲ. ಹಣೆಗೆ ಎರಡು, ತಲೆಯ ಎಡಬಲಕ್ಕೆ ಎರಡು, ಹಿಂದೆ ಒಂದು, ಹೀಗೆ ತೆಳ್ಳನೆಯ ತಟ್ಟೆಗಳು. ಅವುಗಳ ನಡುವೆ ನಾರಿನಂಥ ಅಂಗಾಂಶ ತುಂಬಿದ ಸಂದುಗಳಿವೆ. ಡಾಕ್ಟರುಗಳು ಇವನ್ನು ಸೂಚರ್ ಅನ್ನುತ್ತಾರೆ. ಸಂದುಗಳು ಸೇರುವ ಕಡೆ ಅಗಲವಾದ ಮೆತ್ತನೆ ಜಾಗ ಉಳಿಯುತ್ತದೆ. ನಾವೆಲ್ಲ ಮುಟ್ಟಲು ಹೆದರುವ ನೆತ್ತಿ ಅದೇ. ಹಿಂದಿನ ಚಿಕ್ಕ ನೆತ್ತಿ ಎರಡು ಮೂರು ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ, ಮುಂದಿನದ್ದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಸಂದುಗಳು ಮಾತ್ರ ಬಹುಕಾಲ ಹಾಗೇ ಇರುತ್ತವೆ. ಹಣೆಯ ನಡುವಿನದ್ದೊಂದು ಮೊದಲ ವರ್ಷದಲ್ಲೇ ಕೂಡಿಕೊಳ್ಳುತ್ತದೆ, ಉಳಿದವು ಪೂರ್ತಿ ಕೂಡುವುದು ದೊಡ್ಡವರಾದ ಮೇಲೆ.

ಈ ವ್ಯವಸ್ಥೆ ಇರುವುದಕ್ಕೆ ಎರಡು ಕಾರಣ. ಒಂದು, ಹೆರಿಗೆ. ಇಕ್ಕಟ್ಟಾದ ದಾರಿಯಲ್ಲಿ ಬರುವಾಗ ಮೂಳೆಗಳು ಒಂದರ ಮೇಲೊಂದು ಜಾರಿ ತಲೆ ಉದ್ದವಾಗುತ್ತದೆ. ಹುಟ್ಟಿದ ದಿನ ಮೊನಚಾಗಿ ಕಂಡ ತಲೆ ಕೆಲವೇ ದಿನಗಳಲ್ಲಿ ಗುಂಡಗಾಗುವುದು ಇದರಿಂದಲೇ. ಕೆಲವು ಸಲ ಚರ್ಮದ ಕೆಳಗೆ ಊತ ಬರುತ್ತದೆ, ಅದು ಸಂದುಗಳನ್ನು ದಾಟಿ ಹರಡಿರುತ್ತದೆ, ಬೇಗ ಇಳಿಯುತ್ತದೆ. ಇನ್ನು ಕೆಲವು ಸಲ ಮೂಳೆಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ನಿಲ್ಲುತ್ತದೆ. ಆ ಗಡ್ಡೆ ಒಂದೇ ಮೂಳೆಯ ಎಲ್ಲೆಯೊಳಗೆ ಇರುತ್ತದೆ, ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ವ್ಯಾಕ್ಯೂಮ್ ಹಾಕಿ ಎಳೆದ ಹೆರಿಗೆಗಳಲ್ಲಿ ಇದು ಜಾಸ್ತಿ. ನೋಡಲು ಭಯ ಹುಟ್ಟಿಸುವ ಇವೆಲ್ಲ ಸಾಮಾನ್ಯವಾಗಿ ತಾವಾಗಿಯೇ ಹೋಗುತ್ತವೆ.

ಇನ್ನೊಂದು ಕಾರಣ ಮಿದುಳು. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಒಂದು ವರ್ಷಕ್ಕೆ 46ರ ಆಸುಪಾಸು ಬರುತ್ತದೆ. ಮೊದಲ ಮೂರು ತಿಂಗಳಲ್ಲಂತೂ ತಿಂಗಳಿಗೆ ಸುಮಾರು 2 ಸೆಂಟಿಮೀಟರ್. ಈ ಓಟ ಮೂಳೆಯದ್ದಲ್ಲ, ಮಿದುಳಿನದ್ದು. ಮಿದುಳು ಒಳಗಿನಿಂದ ತಳ್ಳುತ್ತದೆ, ಮೂಳೆ ಸಂದುಗಳ ಅಂಚಿನಲ್ಲಿ ಬೆಳೆದು ಜಾಗ ಮಾಡಿಕೊಡುತ್ತದೆ. ಮುಂದೆ ಹೇಳುವುದೆಲ್ಲ ನಿಂತಿರುವುದು ಇದರ ಮೇಲೆ. ಆಕಾರ ಕೆಡಬೇಕಾದರೆ ಒಂದೋ ಹೊರಗಿನಿಂದ ಏನೋ ತಡೆಯಬೇಕು, ಇಲ್ಲವೇ ಒಳಗಿನ ಸಂದು ಬೇಗ ಮುಚ್ಚಿರಬೇಕು. ಮಿದುಳೇ ಬೆಳೆಯದಿದ್ದರೆ, ಅಥವಾ ಒಳಗೆ ನೀರು ತುಂಬಿಕೊಂಡರೆ, ತಲೆ ತೀರಾ ಚಿಕ್ಕದೋ ತೀರಾ ದೊಡ್ಡದೋ ಆಗುತ್ತದೆ. 2015ರಲ್ಲಿ ಬ್ರೆಜಿಲ್‌ನಲ್ಲಿ ಜೀಕಾ ವೈರಸ್ಸಿನಿಂದ ಮಕ್ಕಳ ತಲೆ ತೀರಾ ಚಿಕ್ಕದಾದದ್ದು ಮೊದಲ ಬಗೆಯದ್ದು. ಅಲ್ಲಿ ಮೂಳೆ ಮಿದುಳನ್ನು ಅದುಮಿರಲಿಲ್ಲ, ಒಳಗಿನಿಂದ ತಳ್ಳಬೇಕಾದ ಮಿದುಳೇ ಬೆಳೆದಿರಲಿಲ್ಲ. ಅದಕ್ಕೇ ಡಾಕ್ಟರು ಪ್ರತಿ ಸಲ ಟೇಪು ಹಿಡಿದು ತಲೆ ಅಳೆಯುವುದು. ಆಕಾರ ಕಣ್ಣಿಗೆ ಕಾಣುತ್ತದೆ, ಅಳತೆಯ ಏರಿಳಿತ ಕಾಣುವುದಿಲ್ಲ.

ಅಂಗಾತ ಮಲಗಿಸಿದ್ದಕ್ಕೆ ತೆತ್ತ ಬೆಲೆ

ಈಗಿನ ಚಪ್ಪಟೆ ತಲೆಗಳ ಹಿಂದೆ ಒಂದು ಒಳ್ಳೆಯ ಸುದ್ದಿಯಿದೆ. ಚಪ್ಪಟೆ ತಲೆ ಕಂಡು ತಾಯಿಯನ್ನು ಬೈಯುವವರಿಗೆ ಅದು ಗೊತ್ತಿರುವುದಿಲ್ಲ.

ಒಂದು ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಮಕ್ಕಳನ್ನು ಬೋರಲು ಮಲಗಿಸಿ ಅಂತಲೇ ಹೇಳುತ್ತಿದ್ದರು. ಕಕ್ಕಿದರೆ ಉಸಿರಿಗೆ ಸಿಕ್ಕಿಕೊಳ್ಳಬಾರದು ಎಂಬುದು ಅದರ ಹಿಂದಿದ್ದ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ಬೇರೆಯೇ ಹೇಳಿತು. ಕಾರಣವೇ ಇಲ್ಲದೆ ನಿದ್ದೆಯಲ್ಲಿ ಸಾಯುವ ಮಕ್ಕಳಲ್ಲಿ ಬೋರಲು ಮಲಗಿದವರೇ ಹೆಚ್ಚು ಎಂಬುದು 1980ರ ದಶಕದ ಕೊನೆಯ ಹೊತ್ತಿಗೆ ಸ್ಪಷ್ಟವಾಯಿತು. 1991ರಲ್ಲಿ ನ್ಯೂಜಿಲೆಂಡ್, ಬ್ರಿಟನ್ ಪ್ರಚಾರ ಶುರು ಮಾಡಿದವು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಮಲಗಿಸಬೇಡಿ ಎಂದಿತು, 1994ರಲ್ಲಿ ಅಲ್ಲಿ 'ಬ್ಯಾಕ್ ಟು ಸ್ಲೀಪ್' ಎಂಬ ದೊಡ್ಡ ಆಂದೋಲನವೇ ನಡೆಯಿತು. ಹತ್ತು ವರ್ಷದೊಳಗೆ ಅಂಥ ಸಾವುಗಳು ಅರ್ಧಕ್ಕೂ ಕೆಳಗೆ ಇಳಿದವು. ಔಷಧವಿಲ್ಲ, ಯಂತ್ರವಿಲ್ಲ, ಮಲಗಿಸುವ ರೀತಿ ಬದಲಾದದ್ದಕ್ಕೆ ಸಾವಿರಾರು ಮಕ್ಕಳು ಬದುಕಿದರು.

1996ರ ಹೊತ್ತಿಗೆ ಅಮೆರಿಕದ ಶಸ್ತ್ರವೈದ್ಯರು ಇನ್ನೊಂದು ಬದಲಾವಣೆ ಗಮನಿಸಿ ಬರೆಯತೊಡಗಿದ್ದರು. ತಲೆಯ ಹಿಂಭಾಗ ಚಪ್ಪಟೆಯಾದ ಮಕ್ಕಳು ಇದ್ದಕ್ಕಿದ್ದಂತೆ ಜಾಸ್ತಿ ಬರುತ್ತಿದ್ದರು. ಅಂಗಾತ ಮಲಗಿದ ಮಗು ದಿನದ ಬಹುಪಾಲು ಒಂದೇ ಜಾಗದ ಮೇಲೆ ಭಾರ ಬಿಟ್ಟಿರುತ್ತದೆ. ಹಾಸಿಗೆ ತಲೆಯನ್ನು ಜಜ್ಜುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಕಲ್ಲಿಗೆ ಒರಗಿ ಬೆಳೆದ ಕುಂಬಳಕಾಯಿ ಆ ಕಡೆ ಚಪ್ಪಟೆಯಾಗಿರುತ್ತದಲ್ಲ, ಹಾಗೆ. ಕಲ್ಲು ಒತ್ತಲು ಬಂದಿರಲಿಲ್ಲ, ಕಾಯಿ ಬೆಳೆಯಲು ಆ ಕಡೆ ಜಾಗವಿರಲಿಲ್ಲ, ಬೇರೆ ಕಡೆ ಬೆಳೆಯಿತು. ಹಾಗಾಗಿಯೇ ತಲೆ ವೇಗವಾಗಿ ಬೆಳೆಯುವ ಮೊದಲ ತಿಂಗಳುಗಳಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಸರಿಹೋಗುವುದಕ್ಕೂ ಅದೇ ಬೆಳವಣಿಗೆ ಬೇಕು.

ಎಷ್ಟು ಸಾಮಾನ್ಯ ಎಂಬುದಕ್ಕೆ ಒಂದು ಲೆಕ್ಕ. ನ್ಯೂಜಿಲೆಂಡಿನಲ್ಲಿ ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ ನೂರರಲ್ಲಿ 16 ಮಕ್ಕಳ ತಲೆ ಅಧ್ಯಯನದವರು ಇಟ್ಟುಕೊಂಡ ಅಳತೆಯ ಗೆರೆ ದಾಟಿ ಚಪ್ಪಟೆಯಾಗಿತ್ತು. ನಾಲ್ಕು ತಿಂಗಳಿಗೆ ಅದು ಸುಮಾರು 20ಕ್ಕೆ ಏರಿತು. ಎರಡು ವರ್ಷಕ್ಕೆ ಉಳಿದದ್ದು ಮೂರೋ ಮೂರೂವರೆಯೋ. ಕೆನಡಾದ ಕ್ಯಾಲ್ಗರಿಯಲ್ಲಿ ಇನ್ನೂ ಸಣ್ಣ ಚಪ್ಪಟೆಯನ್ನೂ ಎಣಿಸಿದರು. ಅಲ್ಲಿ ಎರಡು ಮೂರು ತಿಂಗಳ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಒಂದಿಷ್ಟು ಚಪ್ಪಟೆ ಇತ್ತು. ಅರ್ಧದಷ್ಟು ತಾಯಂದಿರೂ ತಪ್ಪು ಮಾಡುತ್ತಿದ್ದಾರೆ ಅಂತ ಹೇಳಲಾದೀತೇ? ಹೇಳಿದ ಮಾತು ಕೇಳಿ ಮಗುವನ್ನು ಅಂಗಾತ ಮಲಗಿಸಿದವರು ಅವರು.

ಕುತ್ತಿಗೆ

ತಂಗಿಯ ಜೊತೆ ಮಕ್ಕಳ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಆಕೆ ತಲೆ ನೋಡುವ ಮೊದಲು ಕೇಳಿದ್ದು, "ಹುಟ್ಟಿದಾಗ ಹೀಗಿತ್ತಾ, ಆಮೇಲೆ ಆಯಿತಾ?" ತಂಗಿ ಫೋನಿನಲ್ಲಿ ಹಳೆಯ ಫೋಟೋ ಹುಡುಕಿ ಹುಡುಕಿ ಸಾಕಾದಳು. ಎಲ್ಲದರಲ್ಲೂ ಮುಖ. ಕೊನೆಗೆ ಯಾರದ್ದೋ ಹೆಗಲ ಮೇಲೆ ಮಲಗಿದ್ದ ಒಂದು ಸಿಕ್ಕಿತು. ಅದರಲ್ಲಿ ತಲೆ ಗುಂಡಗಿತ್ತು. "ಸರಿ, ಅರ್ಧ ಉತ್ತರ ಸಿಕ್ಕಿತು" ಅಂದರು ಡಾಕ್ಟರು. ಮಲಗಿ ಮಲಗಿ ಆದ ಚಪ್ಪಟೆ ಹುಟ್ಟಿದ ಮೇಲೆ ಕಾಣಿಸಿಕೊಂಡು, ಮಗು ಕೂರಲು ಶುರು ಮಾಡಿದ ಮೇಲೆ ಇಳಿಯುತ್ತದೆ. ಸಂದು ಮುಚ್ಚಿ ಆದದ್ದು ಸಾಮಾನ್ಯವಾಗಿ ಹುಟ್ಟುವಾಗಲೇ ಇರುತ್ತದೆ, ದಿನ ಕಳೆದಂತೆ ಹೆಚ್ಚುತ್ತದೆ.

ಆಮೇಲೆ ಮಗುವನ್ನು ತಂಗಿಯ ತೊಡೆಯ ಮೇಲೆ ಕೂರಿಸಿ, ಆಕೆ ಹಿಂದೆ ಬಂದು ನಿಂತು ಮೇಲಿನಿಂದ ನೋಡಿದರು. ಎರಡೂ ಕಿವಿಗಳ ಹತ್ತಿರ ಒಂದೊಂದು ಬೆರಳಿಟ್ಟರು. ಬೆರಳುಗಳು ಸಮ ಇಲ್ಲ ಎಂಬುದು ನನಗೂ ಕಾಣಿಸಿತು. ಚಪ್ಪಟೆಯಾದ ಕಡೆಯ ಕಿವಿ ಮುಂದೆ ಸರಿದಿತ್ತು. ಇಡೀ ತಲೆ ಒಂದು ಪಕ್ಕದಿಂದ ತಳ್ಳಿ ವಾಲಿಸಿದ ಚೌಕದ ಹಾಗೆ. "ಇದು ಒಳ್ಳೆಯದು" ಅಂದರು. ಒಳ್ಳೆಯದೇ! ತಂಗಿ ನನ್ನ ಮುಖ ನೋಡಿದಳು. ಹಿಂಭಾಗದ ಸಂದು ಮುಚ್ಚಿಕೊಂಡಿದ್ದರೆ ಆ ಕಡೆಯ ಕಿವಿ ಮುಂದೆ ಬರುವ ಬದಲು ಹಿಂದಕ್ಕೋ ಕೆಳಕ್ಕೋ ಎಳೆದಂತೆ ಇರುತ್ತಿತ್ತು, ಕಿವಿಯ ಹಿಂದೆ ಒಂದು ಉಬ್ಬು ಇರುತ್ತಿತ್ತು. ಎಕ್ಸ್‌ರೇ ಬೇಡ, ಸ್ಕ್ಯಾನ್ ಬೇಡ. ಅನುಭವವಿರುವ ಡಾಕ್ಟರಿಗೆ ಕಣ್ಣು ಮತ್ತು ಬೆರಳು ಹೆಚ್ಚಿನ ಸಲ ಸಾಕು.

ನನಗೆ ಅಚ್ಚರಿಯಾದದ್ದು ಅದರ ನಂತರ. ಆಕೆ ತಲೆ ಬಿಟ್ಟು ಕುತ್ತಿಗೆಗೆ ಬಂದರು. ಒಂದು ಗಿಲಕಿ ಹಿಡಿದು ಮಗುವಿನ ಮುಖದ ಮುಂದೆ ಬಲಕ್ಕೆ ಒಯ್ದರು, ತಲೆ ಸರಾಗವಾಗಿ ತಿರುಗಿತು. ಎಡಕ್ಕೆ ಒಯ್ದರೆ ಕಣ್ಣು ಮಾತ್ರ ಹೋಯಿತು, ತಲೆ ಅರ್ಧಕ್ಕೇ ನಿಂತು ಆಮೇಲೆ ಅಳು. ಕಿವಿಯ ಹಿಂದಿನಿಂದ ಎದೆಯ ಮೂಳೆಗೆ ಇಳಿಯುವ ದಪ್ಪ ಸ್ನಾಯು ಒಂದು ಕಡೆ ಬಿಗಿದುಕೊಂಡಿತ್ತು. ಗರ್ಭದಲ್ಲಿ ಇಕ್ಕಟ್ಟಾಗಿ ಒಂದೇ ಭಂಗಿಯಲ್ಲಿದ್ದರೆ, ಕಾಲು ಕೆಳಗಾಗಿದ್ದರೆ, ಅವಳಿಗಳಾಗಿದ್ದರೆ ಇದರ ಸಾಧ್ಯತೆ ಹೆಚ್ಚು. ಕುತ್ತಿಗೆ ಒಂದು ಕಡೆಗೇ ತಿರುಗುತ್ತದೆ, ಹಾಗಾಗಿ ಮಗು ಅದೇ ಕಡೆ ಮಲಗುತ್ತದೆ, ಹಾಗಾಗಿ ಆ ಕಡೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದ ಮೇಲೆ ತಲೆ ತಾನಾಗಿಯೇ ಆ ಕಡೆಗೇ ಉರುಳುತ್ತದೆ. ತಂಗಿ ಮಗುವನ್ನು ಒಂದೇ ಕಡೆ ಮಲಗಿಸಿರಲಿಲ್ಲ. ಅವನೇ ಆ ಕಡೆ ಮಲಗುತ್ತಿದ್ದ. ಎಷ್ಟು ಸಲ ತಿರುಗಿಸಿ ಮಲಗಿಸಿದರೂ ಮತ್ತೆ ಅದೇ ಕಡೆ ಹೋಗುತ್ತಿದ್ದ ಅಂತ ಅವಳು ಎಲ್ಲರಿಗೂ ಹೇಳಿಯೂ ಇದ್ದಳು. ಕೇಳಿಸಿಕೊಂಡವರು ಮೊದಲು ಈ ಡಾಕ್ಟರು.

ಫಿಸಿಯೋಥೆರಪಿ ಕಲಿಸಿದರು. ಕುತ್ತಿಗೆಯ ವ್ಯಾಯಾಮ, ಎಚ್ಚರವಿದ್ದಾಗ ಕಣ್ಣೆದುರು ಬೋರಲು ಬಿಡುವುದು, ತೊಟ್ಟಿಲಲ್ಲಿ ತಲೆ ಇಡುವ ದಿಕ್ಕನ್ನು ಆಗಾಗ ಬದಲಿಸುವುದು, ಕಾರ್ ಸೀಟಿನಲ್ಲಿ, ಉಯ್ಯಾಲೆ ಕುರ್ಚಿಯಲ್ಲಿ ಗಂಟೆಗಟ್ಟಲೆ ಬಿಡದಿರುವುದು. ಇನ್ನೂ ಅತ್ತಿತ್ತ ಹೋಗಲಾರದ ಮಗುವನ್ನು ದಿನಕ್ಕೆ ಕನಿಷ್ಠ 30 ನಿಮಿಷ, ಬಿಡಿಬಿಡಿಯಾಗಿ, ಬೋರಲು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ನಿದ್ದೆ ಮಾತ್ರ ಅಂಗಾತವೇ. ತಲೆ ಗುಂಡಗಾಗಲಿ ಅಂತ ರಾತ್ರಿ ಬೋರಲು ಮಲಗಿಸುವ ಸಲಹೆ ಯಾರೇ ಕೊಟ್ಟರೂ ಕೇಳಬಾರದು. ಚಪ್ಪಟೆ ತಲೆ ಸರಿಹೋಗುತ್ತದೆ, ನಿಂತ ಉಸಿರು ಮರಳುವುದಿಲ್ಲ.

ಅಂದದ ತಲೆ

ಅದೇ ಕ್ಲಿನಿಕ್ಕಿನ ಹೊರಗೆ ಕಾಯುತ್ತಿದ್ದಾಗ ಇನ್ನೊಬ್ಬ ತಾಯಿ ಮಾತಿಗೆ ಸಿಕ್ಕಿದರು. ಅವರ ಮಗುವಿನ ತಲೆ ನೋಡಿದರೆ ನನಗೇನೂ ಅನ್ನಿಸಲಿಲ್ಲ. ಸ್ವಲ್ಪ ಉದ್ದ, ಸ್ವಲ್ಪ ಕಿರಿದು, ಎರಡೂ ಕಡೆ ಸಮ. ಮುಖ ಚೆನ್ನಾಗಿ ಕಾಣುತ್ತಿತ್ತು. "ಎಲ್ಲರೂ ಏನು ಚಂದ ತಲೆ ಅಂತಿದ್ರು" ಅಂದರು ಆಕೆ. ನೆತ್ತಿಯ ನಡುವೆ ಕೈಯಾಡಿಸುವಾಗ ಮುಂದಿನಿಂದ ಹಿಂದಕ್ಕೆ ಒಂದು ಏಣು ಬೆರಳಿಗೆ ತಾಗುತ್ತಿತ್ತಂತೆ. ನೆತ್ತಿ ಇನ್ನೂ ಮೆತ್ತಗಿದೆ, ಏನೂ ಆಗಲ್ಲ ಅಂತ ಮನೆಯವರು ಹೇಳಿದರೂ ಅವರಿಗೆ ಸಮಾಧಾನವಾಗಿರಲಿಲ್ಲ. ಈಗ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಒಳಗೆ ನಮ್ಮ ಹುಡುಗನ ವಕ್ರ ತಲೆಗೆ ವ್ಯಾಯಾಮ, ಹೊರಗೆ ಈ ಅಂದದ ತಲೆಗೆ ಆಪರೇಷನ್.

ಆ ಮಗುವಿಗಿದ್ದದ್ದು ಕ್ರೇನಿಯೋಸಿನೋಸ್ಟೋಸಿಸ್. ಸಂದು ಕಾಲಕ್ಕೆ ಮೊದಲೇ ಮೂಳೆಯಾಗಿ ಕೂಡಿಕೊಳ್ಳುವುದು. ಸುಮಾರು ಎರಡರಿಂದ ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 1851ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಇದರ ಆಕಾರದ ಗುಟ್ಟನ್ನು ಹೇಳಿದ. ಸಂದು ಮುಚ್ಚಿದರೆ ಅದಕ್ಕೆ ಅಡ್ಡಲಾಗಿ ತಲೆ ಬೆಳೆಯಲಾರದು, ಅದರ ಉದ್ದಕ್ಕೇ ಬೆಳೆಯುತ್ತದೆ. ಇಷ್ಟು ತಿಳಿದರೆ ಎಲ್ಲ ಆಕಾರಗಳೂ ಅರ್ಥವಾಗುತ್ತವೆ. ನೆತ್ತಿಯ ನಡುವಿನ ಸಂದು ಮುಚ್ಚಿದರೆ ಅಗಲವಾಗದೆ ಉದ್ದವಾಗುತ್ತದೆ. ಇದೇ ಅತಿ ಸಾಮಾನ್ಯ, ಗಂಡುಮಕ್ಕಳಲ್ಲಿ ಜಾಸ್ತಿ. ಹಣೆಯ ನಡುವಿನದ್ದು ಮುಚ್ಚಿದರೆ ಮೇಲಿನಿಂದ ನೋಡಿದಾಗ ಹಣೆ ತ್ರಿಕೋನ. ಕಿವಿಯಿಂದ ಕಿವಿಗೆ ಹೋಗುವ ಸಂದು ಒಂದು ಪಕ್ಕ ಮುಚ್ಚಿದರೆ ಆ ಕಡೆಯ ಹಣೆ ಹಿಂದಕ್ಕೆ ಸರಿದು, ಕಣ್ಣಿನ ಗೂಡು ಮೇಲಕ್ಕೆ ಎಳೆದಂತಾಗುತ್ತದೆ. ತಲೆಯ ಹಿಂಭಾಗದ ಒಂದು ಪಕ್ಕದ ಸಂದು ಮುಚ್ಚುವುದು ತೀರಾ ಅಪರೂಪ. ಹಾಗಾಗಿ ಹಿಂಭಾಗ ಮಾತ್ರ ಚಪ್ಪಟೆಯಾದ ಮಗು ಕಂಡರೆ ಬಹುಪಾಲು ಸಲ ಅದು ಮಲಗಿ ಆದದ್ದೇ.

ಕೂಡಿದ ಮೂಳೆ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಕೆಲವು ಮಕ್ಕಳಲ್ಲಿ ಒಳಗೆ ಒತ್ತಡ ಹೆಚ್ಚಿ ಕಣ್ಣಿಗೆ, ಮಿದುಳಿಗೆ ತೊಂದರೆಯಾಗಬಹುದು. ಮೂರು ನಾಲ್ಕು ತಿಂಗಳೊಳಗೆ ಗೊತ್ತಾದರೆ ಸಣ್ಣ ಗಾಯದಲ್ಲಿ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಮೂಳೆಯ ಪಟ್ಟಿ ತೆಗೆದು, ಆಮೇಲೆ ಹೆಲ್ಮೆಟ್ ಹಾಕುತ್ತಾರೆ. ತಡವಾದರೆ ತಲೆ ತೆರೆದು ಮೂಳೆಗಳನ್ನು ಮರುಜೋಡಿಸುವ ದೊಡ್ಡ ಆಪರೇಷನ್, ಅದಕ್ಕೆ ರಕ್ತ ಕೊಡಬೇಕಾಗುವುದೂ ಉಂಟು. 'ಒಂದು ವರ್ಷ ಕಾದು ನೋಡೋಣ' ಎಂಬ ಮಾತು ನಮ್ಮ ಹುಡುಗನ ಮಟ್ಟಿಗೆ ಸರಿ, ಆ ಮಗುವಿನ ಮಟ್ಟಿಗೆ ಅಲ್ಲ.

ಅಪ್ಪಂದಿರ ಕಡೆಯ ಲೆಕ್ಕ

ಸಂದು ಯಾಕೆ ಬೇಗ ಮುಚ್ಚುತ್ತದೆ? ಒಂದೇ ಸಂದು ಮುಚ್ಚಿದ ಹೆಚ್ಚಿನ ಮಕ್ಕಳಲ್ಲಿ ಬೆರಳಿಟ್ಟು ತೋರಿಸುವಂಥ ಕಾರಣ ಸಿಗುವುದಿಲ್ಲ. ಬಸುರಿನಲ್ಲಿ ಮೂರ್ಛೆರೋಗಕ್ಕೆ ತೆಗೆದುಕೊಳ್ಳುವ ವ್ಯಾಲ್ಪ್ರೊಯೇಟ್‌ನಂಥ ಔಷಧಕ್ಕೂ ಹಣೆಯ ಸಂದಿಗೂ ನಂಟಿದೆ. ಹಲವು ಸಂದುಗಳು ಒಟ್ಟಿಗೆ ಮುಚ್ಚಿದಾಗ ಜೀನಿನ ಬದಲಾವಣೆ ಇರುವುದು ಹೆಚ್ಚು. ಕ್ರೂಜಾನ್, ಏಪರ್ಟ್ ಎಂಬ ಹೆಸರಿನ ಸಿಂಡ್ರೋಮ್‌ಗಳು ಅಂಥವು, ಎರಡರಲ್ಲೂ ಎಫ್‌ಜಿಎಫ್‌ಆರ್2 ಎಂಬ ಜೀನು ಬದಲಾಗಿರುತ್ತದೆ.

ಏಪರ್ಟ್‌ನ ಒಂದು ಸಂಗತಿಯನ್ನು ತಾಯಿಯ ಕಡೆ ತಿರುಗಿ ಪ್ರಶ್ನೆ ಕೇಳುವವರಿಗೆಲ್ಲ ಓದಿ ಹೇಳಬೇಕು ಅನ್ನಿಸುತ್ತದೆ. ಈ ಬದಲಾವಣೆ ಹೆಚ್ಚಾಗಿ ಹೊಸದಾಗಿ ಹುಟ್ಟುತ್ತದೆ, ತಂದೆತಾಯಿ ಇಬ್ಬರಲ್ಲೂ ಇರುವುದಿಲ್ಲ. ಅದು ಯಾರ ಕಡೆಯಿಂದ ಬಂತು ಅಂತ 1996ರಲ್ಲಿ 57 ಮಕ್ಕಳಲ್ಲಿ ಹುಡುಕಿದರು. ಐವತ್ತೇಳಕ್ಕೆ ಐವತ್ತೇಳೂ ತಂದೆಯ ಕಡೆಯಿಂದ. ವಯಸ್ಸಾದಂತೆ ವೀರ್ಯ ತಯಾರಾಗುವ ಜೀವಕೋಶಗಳಲ್ಲಿ ಈ ಬದಲಾವಣೆ ಹೊತ್ತವು ಹೆಚ್ಚುತ್ತಾ ಹೋಗುತ್ತವೆ. ಹಾಗಂತ ಬೆರಳನ್ನು ಅಪ್ಪನ ಕಡೆ ತಿರುಗಿಸಿ ಅಂತ ನಾನು ಹೇಳುತ್ತಿಲ್ಲ. ಅವನ ಕೈಯಲ್ಲೂ ಏನೂ ಇರಲಿಲ್ಲ. ಆದರೂ ಆ ಸಂಖ್ಯೆ ಓದಿದಾಗ ನನಗೆ ಒಂಥರಾ ಖುಷಿಯಾದದ್ದು ಸುಳ್ಳಲ್ಲ.

ಹೆಲ್ಮೆಟ್, ದಿಂಬು

ಇನ್ನು ಮಾರುಕಟ್ಟೆ. ತಂಗಿಯ ಫೋನಿಗೆ ಒಂದು ಸಲ 'ಬೇಬಿ ಹೆಡ್ ಶೇಪ್' ಅಂತ ಹುಡುಕಿದ್ದೇ ತಡ, ನಡುವೆ ಗುಳಿಯಿರುವ ದಿಂಬುಗಳ ಜಾಹೀರಾತು ಬರತೊಡಗಿದವು. ಮಗುವಿನ ಹಾಸಿಗೆಯಲ್ಲಿ ಮೆತ್ತನೆಯದ್ದು ಏನೂ ಇರಬಾರದು, ಉಸಿರು ಕಟ್ಟುವ ಅಪಾಯವಿದೆ. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ದಿಂಬುಗಳನ್ನು ಬಳಸಲೇಬೇಡಿ ಎಂದು ಎಚ್ಚರಿಸಿತು. ಅಂಗಾತ ಮಲಗಿಸಿ ಉಳಿಸಿಕೊಂಡದ್ದನ್ನು ದಿಂಬಿಟ್ಟು ಕಳೆದುಕೊಳ್ಳುವುದೇ?

ಹೆಲ್ಮೆಟ್ಟಿನ ವಿಷಯ ಅಷ್ಟು ಸುಲಭವಲ್ಲ. ಉಬ್ಬಿದ ಕಡೆ ತಡೆದು, ಚಪ್ಪಟೆ ಕಡೆ ಬೆಳೆಯಲು ಜಾಗ ಬಿಡುವುದು ಅದರ ಕೆಲಸ. ದಿನಕ್ಕೆ 23 ಗಂಟೆ, ತಿಂಗಳುಗಟ್ಟಲೆ. 2014ರಲ್ಲಿ ನೆದರ್ಲೆಂಡ್ಸಿನಲ್ಲಿ 84 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಎರಡು ವರ್ಷ ವಯಸ್ಸಿಗೆ ಪೂರ್ತಿ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ನೂರಕ್ಕೆ 26, ಏನೂ ಹಾಕದ ಗುಂಪಿನಲ್ಲಿ 23. ವ್ಯತ್ಯಾಸವೇ ಇಲ್ಲ ಅನ್ನಬಹುದು. ಚರ್ಮ ಕೆರಳುವುದು, ಬೆವರು, ವಾಸನೆ, ಎತ್ತಿಕೊಳ್ಳಲು ಕಷ್ಟ, ಹೀಗೆ ಹೆಲ್ಮೆಟ್ ಹಾಕಿದ ಪ್ರತಿ ಮಗುವಿನ ಮನೆಯವರೂ ಏನಾದರೊಂದು ತೊಂದರೆ ಹೇಳಿದರು. ಆದರೆ ಆ ಅಧ್ಯಯನದಲ್ಲಿ ತೀರಾ ಕೆಟ್ಟ ಆಕಾರದ ತಲೆಗಳಿರಲಿಲ್ಲ, ಕುತ್ತಿಗೆ ಬಿಗಿದ ಮಕ್ಕಳೂ ಇರಲಿಲ್ಲ. ಎಷ್ಟೋ ಮಕ್ಕಳಿಗೆ ಹೆಲ್ಮೆಟ್ ಸರಿಯಾಗಿ ಕೂತಿರಲಿಲ್ಲ ಎಂಬ ಟೀಕೆಯೂ ಬಂತು. ಹಾಗಾಗಿ ತೀರಾ ಕೆಟ್ಟದಾಗಿದ್ದು, ವ್ಯಾಯಾಮದಿಂದ ಬದಲಾಗದೆ, ಇನ್ನೂ ಬೆಳೆಯುವ ವಯಸ್ಸಿದ್ದರೆ ಕೆಲವು ಡಾಕ್ಟರುಗಳು ಈಗಲೂ ಸೂಚಿಸುತ್ತಾರೆ. ಸಾಧಾರಣ ಚಪ್ಪಟೆಗೆ ಹೆಲ್ಮೆಟ್ ಮಾರುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಭಯ ಹುಟ್ಟಿಸಲು ಬಳಸುವ ಇನ್ನೊಂದು ಮಾತು, ಚಪ್ಪಟೆ ತಲೆಯ ಮಕ್ಕಳು ಬುದ್ಧಿಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು. ಅಂಥ ಮಕ್ಕಳಲ್ಲಿ ಕೆಲವರ ಚಲನವಲನ ನಿಧಾನ ಎಂಬುದು ನಿಜ. ಆದರೆ ಅದಕ್ಕೆ ಚಪ್ಪಟೆ ತಲೆಯೇ ಕಾರಣ ಅಂತ ತೋರಿಸಿಲ್ಲ. ಹೆಚ್ಚು ಅಲುಗಾಡದ ಮಗು ಒಂದೇ ಕಡೆ ಮಲಗಿರುತ್ತದೆ, ಅದರಿಂದಲೂ ತಲೆ ಚಪ್ಪಟೆಯಾಗಬಹುದಲ್ಲ. ಚಪ್ಪಟೆ ಕಂಡರೆ ಕುತ್ತಿಗೆಯನ್ನೂ ಕೈಕಾಲು ಆಡಿಸುವುದನ್ನೂ ಒಮ್ಮೆ ತೋರಿಸಿಬಿಡಿ ಅನ್ನುವುದು ಇದಕ್ಕೇ.

ನನ್ನ ದೂರು ಇಷ್ಟು. ಹೆರಿಗೆಯಾಗಿ ಮನೆಗೆ ಹೊರಡುವಾಗ 'ಅಂಗಾತವೇ ಮಲಗಿಸಿ' ಅಂತ ಎಲ್ಲರೂ ಹೇಳುತ್ತಾರೆ. ಎಚ್ಚರವಿದ್ದಾಗ ಬೋರಲು ಬಿಡಿ, ಕುತ್ತಿಗೆ ಎರಡೂ ಕಡೆ ತಿರುಗುತ್ತದಾ ನೋಡಿ, ತಿಂಗಳಿಗೊಮ್ಮೆ ಮೇಲಿನಿಂದ ಒಂದು ಫೋಟೋ ತೆಗೆದಿಡಿ ಎಂಬುದನ್ನು ಅದೇ ಉಸಿರಿನಲ್ಲಿ ಯಾರೂ ಹೇಳುವುದಿಲ್ಲ. ಆರು ವಾರದ ಲಸಿಕೆಗೆ ಹೋದಾಗ ಇದನ್ನು ನೀವೇ ಕೇಳಿ. ನೆತ್ತಿಯ ಮೇಲೆ ಏಣು ತಾಗಿದರೆ, ಹುಟ್ಟಿದಾಗಿನಿಂದಲೇ ಆಕಾರ ಬೇರೆ ಅನ್ನಿಸಿದರೆ, ಲಸಿಕೆಯ ದಿನಕ್ಕೆ ಕಾಯಬೇಡಿ.